ನಿರ್ನಾಳಚಕ್ರ ಪ್ರತಿಷ್ಠಾಪನ ಮೀಮಾಂಸೆ

ಗುಡ್ಡ ಹತ್ತುವ ಸೈಕಲ್ಲಿನ ಚಕ್ರದಿಂದ ಟ್ಯೂಬನ್ನು ಉಚ್ಚಾಟಿಸಿ, ಆ ಸ್ಥಾನದಲ್ಲಿ ವಾಯುವನ್ನು ನಿರಾಶ್ರಯವಾಗಿಯೇ ನೆಲೆಗೊಳಿಸುವ ವಿದ್ಯೆಗೆ ಇದುವರೆಗೆ ಒಂದು ಲಕ್ಷಣಗ್ರಂಥವಿಲ್ಲದಿರುವುದು ವಿದ್ವಲ್ಲೋಕಕ್ಕೆ ಭೂಷಣವಲ್ಲ. ರಾಬರ್ಟ್ ವಿಲಿಯಂ ಥಾಮ್ಸನ್ನನು 1845ರಲ್ಲಿ ಗಾಳಿಚಕ್ರಕ್ಕೆ ಪೇಟೆಂಟು ಪಡೆದುದನ್ನೂ, ಲೋಕವು ಅದನ್ನು ಮರೆತ ಮೇಲೆ 1888ರಲ್ಲಿ ಡನ್‌ಲಪ್ಪನು ಅದನ್ನೇ ಮತ್ತೊಮ್ಮೆ ಕಂಡುಹಿಡಿದುದನ್ನೂ ಪ್ರಾಚೀನಯುಗವೆಂದೂ, 1999ರಲ್ಲಿ ಫ್ರಾನ್ಸಿನ ಮಾವಿಕ್ ಸಂಸ್ಥೆಯು ಮಿಶಲಿನ್ ಮತ್ತು ಹಚಿನ್ಸನ್ ಸಂಸ್ಥೆಗಳೊಡಗೂಡಿ ಗುಡ್ಡದ ಸೈಕಲ್ಲಿಗೆ ಟ್ಯೂಬಿಲ್ಲದ ಪದ್ಧತಿಯನ್ನು ತಂದುದನ್ನು ಅರ್ವಾಚೀನಯುಗವೆಂದೂ ಗಣಿಸತಕ್ಕದ್ದು. ನಡುವಣ ನೂರಹನ್ನೊಂದು ವರ್ಷ ಜನರು ಸುಮ್ಮನೆ ಸೈಕಲ್ ತುಳಿದರು, ಅದು ಅಂಧಕಾರಯುಗ.

ಈ ಶಾಸ್ತ್ರದಲ್ಲಿ ದರ್ಶನಗಳು ಎರಡು. ಟೈರೂ ಟ್ಯೂಬೂ ನಿತ್ಯಭಿನ್ನವೆಂದೂ, ಒಂದು ಮತ್ತೊಂದಕ್ಕೆ ಸದಾ ಅಧೀನವೆಂದೂ ದ್ವೈತಿಗಳು ಸಾಧಿಸುವರು. ಅದ್ವೈತಿಗಳ ಮತದಲ್ಲಿ ಟ್ಯೂಬೆಂಬುದು ಭ್ರಾಂತಿಮಾತ್ರ. ಚಕ್ರವು ಕಲ್ಲಿಗೆ ಬಡಿದಾಗ ಆ ಭ್ರಾಂತಿಯು ರಿಮ್ಮಿನ ಅಂಚಿಗೆ ಸಿಕ್ಕಿ ನಜ್ಜಾಗಿ, ಇಲ್ಲದ ಹಾವು ಕಚ್ಚಿದಂತೆ ಜೋಡಿ ತೂತು ಬೀಳುವುದೇ ಸಂಸಾರದುಃಖ. ಅದು ತೊಲಗಿತೆಂದರೆ ಗಾಳಿಯನ್ನು ಇಪ್ಪತ್ತೈದು ಪಿಎಸ್‌ಐಗೆ ಇಳಿಸಿ, ಮೆತ್ತಗಾದ ಟೈರು ಬಂಡೆಯನ್ನು ಅಪ್ಪಿಕೊಂಡು ಏರುವ ಜೀವನ್ಮುಕ್ತಿಯು ಪ್ರಾಪ್ತವಾಗುವುದು. ಆದರೆ ಯಾವ ಅದ್ವೈತಿಯ ಸೀಟಿನ ಕೆಳಗಣ ಚೀಲವನ್ನು ಬಿಚ್ಚಿ ನೋಡಿದರೂ ಅದರಲ್ಲಿ ಒಂದು ಟ್ಯೂಬು ಮಡಿಸಿಟ್ಟಿರುವುದುಂಟು. ವಿಚಾರಿಸಿದರೆ, ಅದು ವ್ಯಾವಹಾರಿಕ ಸತ್ಯವೆಂಬ ಸಮಾಧಾನ ಬರುತ್ತದೆ.

ನಿರ್ನಾಳಚಕ್ರವು ಪಂಚಾಂಗಸಮನ್ವಿತವಾದುದು: ನೇಮಿ, ಪಟ್ಟಬಂಧ, ವಾಯುದ್ವಾರ, ಬಹಿರ್ವಲಯ, ಸಂಧಾನದ್ರವ. ನೇಮಿಯು, ಎಂದರೆ ರಿಮ್ಮು, ಶುದ್ಧ, ಅಶುದ್ಧ, ಶುದ್ಧವೆಂದು ತೋರುವ ಅಶುದ್ಧ ಎಂದು ಮೂರು ವಿಧ; ಮೂರನೆಯದರ ಮೇಲೆ ಟೇಪು ಸುತ್ತಿ ಕೆಟ್ಟವರೇ ಬಹಳ. ದೇಹಕ್ಕೆ ಒಂಬತ್ತು ದ್ವಾರಗಳಾದರೆ, ಸಾಮಾನ್ಯ ನೇಮಿಗೆ ಕಡ್ಡಿಗಳವು ಮೂವತ್ತೆರಡು, ವಾಲ್ವಿನದೊಂದು, ಅಂತು ಮೂವತ್ತಮೂರು. ಇವುಗಳ ನಿರೋಧವನ್ನು ಲಕ್ಷಣಕಾರರು ಅಂತರ್ವಾಯುಸ್ತಂಭಕಪರಿವೇಷ್ಟನಪ್ರಕ್ರಿಯೆ ಎನ್ನುತ್ತಾರೆ. ಮಾಡಬೇಕಾದುದು ಇಷ್ಟು: ರಿಮ್ಮಿನ ಒಳಮೈಯನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರಸಿ, ಆರಲು ಬಿಟ್ಟು, ಒಳಗಲಕ್ಕಿಂತ ಎರಡು ಮೂರು ಮಿಲಿಮೀಟರು ಹೆಚ್ಚು ಅಗಲದ ಟೇಪನ್ನು ಬಿಗಿಯಾಗಿ ಎಳೆದೆಳೆದು ಸುತ್ತಿ, ತುದಿಗಳು ನಾಲ್ಕು ಬೆರಳಷ್ಟು ಒಂದರ ಮೇಲೊಂದು ಬರುವಂತೆ ಅಂಟಿಸಿ, ಗುಳ್ಳೆಯುಳಿಯದಂತೆ ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ತೀಡುವುದು, ವಾಲ್ವಿನ ತೂತನ್ನು ಚಾಕುವಿನಿಂದ ಸೀಳದೆ ಮೊನೆಯಿಂದ ಚುಚ್ಚಿ ಹಿಗ್ಗಿಸುವುದು, ಏಕೆಂದರೆ ಒಮ್ಮೆ ಸೀಳಿದ ಟೇಪು ಸೀಳುತ್ತಲೇ ಹೋಗುತ್ತದೆ. ಇದನ್ನು ಹೇಳಲು ಇಷ್ಟು ಸಾಲು ಸಾಕಾದವು. ನಮ್ಮ ತಜ್ಞರು ಇದರ ಮೇಲೆ ಒಂದು ಮಧ್ಯಾಹ್ನವೆಲ್ಲ ಉಪನ್ಯಾಸ ಕೊಡಬಲ್ಲರು, ಕೈಗೆ ಟೇಪು ತಾಕದಂತೆ.

ಇನ್ನುಳಿದ ಅಂಗಗಳನ್ನು ವಿಂಗಡಿಸಲು ನಮಗೆ ಉತ್ಸಾಹವಿಲ್ಲ. ಅವು ಮೂರಿರಲಿ ಹದಿಮೂರಿರಲಿ, ಗಾಳಿಗೆ ಅದರ ಪರಿವೆಯಿಲ್ಲ. ದ್ರವದ ವಿಷಯ ಮಾತ್ರ ಹೇಳಿಬಿಡುತ್ತೇವೆ. ರಬ್ಬರಿನ ಹಾಲು ಹೆಪ್ಪುಗಟ್ಟದಿರಲೆಂದು ಅಮೋನಿಯ ಬೆರೆಸುವುದು ಸುಳ್ಯದ ತೋಟಗಳವರಿಗೆ ಗೊತ್ತಿರುವ ಕೆಲಸ. ಅಂಥ ಹಾಲನ್ನೇ ತೆಳ್ಳಗೆ ಮಾಡಿ, ತೂತಿಗೆ ಅಡ್ಡಬೀಳುವಂಥ ಸಣ್ಣ ಕಣಗಳನ್ನು ಕೂಡಿಸಿ, ಚೆಂದದ ಸೀಸೆಗೆ ತುಂಬಿದರೆ ಅದು ಸೀಲೆಂಟ್. ದೊಡ್ಡ ಟೈರೊಂದಕ್ಕೆ ನೂರು ಮಿಲಿಲೀಟರಿನಷ್ಟು ಬೇಕು. ಜಾಲಿಮುಳ್ಳು ಚುಚ್ಚಿದೆಡೆ ಅದು ತಾನಾಗಿ ಗರಣೆಗಟ್ಟಿ ಮುಚ್ಚಿಕೊಳ್ಳುವುದನ್ನು ನೋಡಿದವನಿಗೆ ನಿಜವಾಗಿಯೂ ಸಂತೋಷವಾಗುತ್ತದೆ. ಕೆಲವೇ ತಿಂಗಳಲ್ಲಿ, ನಮ್ಮ ಬಿಸಿಲಿನಲ್ಲಿ ಇನ್ನೂ ಬೇಗ, ಅದು ಒಳಗೇ ಒಣಗಿ ಚಕ್ಕಳವಾಗುವುದನ್ನು ಸೀಸೆ ಕೊಂಡವನಿಗೆ ಯಾವ ಉಪನ್ಯಾಸಕನೂ ಒತ್ತಿ ಹೇಳುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಪಾಂಡಿತ್ಯವನ್ನು ನಟಿಸುವುದೂ ನಮ್ಮಿಂದಾಗದು. ಟೈರಿನ ಅಂಚು ರಿಮ್ಮಿನಲ್ಲಿ ಕೂರುವೆಡೆಯ ವ್ಯಾಸ 622 ಮಿಲಿಮೀಟರಾದರೆ, ರಸ್ತೆಯ ಸೈಕಲ್ಲಿನವನು ಅದನ್ನು 700ಸಿ ಎನ್ನುತ್ತಾನೆ, ಗುಡ್ಡದವನು 29 ಇಂಚು ಎನ್ನುತ್ತಾನೆ, 28 ಇಂಚೆಂದು ಅಚ್ಚೊತ್ತಿದ ಟೈರುಗಳೂ ಉಂಟು. ಹಳೆಯ ಫ್ರೆಂಚರ 650ಬಿಯನ್ನೇ, ಅದೇ 584 ಮಿಲಿಮೀಟರನ್ನೇ, 27.5 ಇಂಚೆಂದು ಪುನರ್ನಾಮಕರಣ ಮಾಡಿ ನೂತನ ಆವಿಷ್ಕಾರವೆಂಬಂತೆ ಮಾರಿದರು. ಗುಡ್ಡದ ಸೈಕಲ್ಲಿನ ಕುಲವೇ ಹುಟ್ಟಿ ಬೆಳೆದದ್ದು 26 ಇಂಚಿನ, ಎಂದರೆ 559 ಮಿಲಿಮೀಟರಿನ ಚಕ್ರದ ಮೇಲೆ. ಇಂದು ಅಂಥ ಸೈಕಲ್ಲನ್ನು ದೊಡ್ಡ ಮಳಿಗೆಗೆ ಹೊಡೆದುಕೊಂಡು ಹೋದರೆ, ಕೌಂಟರಿನ ಹಿಂದಿನ ತರುಣನು ಮುಟ್ಟಿಯೂ ನೋಡದೆ ಹೊಸದು ತೆಗೆದುಕೊಳ್ಳಿ ಎನ್ನುತ್ತಾನೆ. ಕಡ್ಡಿಗಳು ನೆಟ್ಟಗಿವೆ, ಚೌಕಟ್ಟಿನಲ್ಲಿ ಬಿರುಕಿಲ್ಲ, ಹಬ್ಬು ಇನ್ನೂ ನುಣ್ಣಗೆ ತಿರುಗುತ್ತದೆ. ಮಾಡಿದ ಅಪರಾಧವೇನು? ವರ್ಷ ವರ್ಷ ಹೊಸ ಅಳತೆಯನ್ನು ಹೊರಡಿಸಿ, ಒಬ್ಬನು ಹೊಟ್ಟೆಬಟ್ಟೆ ಕಟ್ಟಿ ಕೊಂಡ ವಸ್ತುವನ್ನು ಬದುಕಿರುವಾಗಲೇ ಗುಜರಿಯೆಂದು ಘೋಷಿಸುವುದು ವಿಜ್ಞಾನವಲ್ಲ, ಶುದ್ಧ ವ್ಯಾಪಾರ. ಅದಕ್ಕೆ ಶಾಸ್ತ್ರದ ಶಾಲು ಹೊದಿಸುವವರನ್ನು ಕಂಡರೆ ಮೈ ಉರಿಯುತ್ತದೆ.

ಇಷ್ಟಾಗಿ, ಹೆದ್ದಾರಿಯ ಬದಿಯಲ್ಲಿ ಟೈರೊಂದಕ್ಕೆ ಸುಣ್ಣದಲ್ಲಿ ಪಂಕ್ಚರ್ ಎಂದು ಬರೆದು ನೇತುಹಾಕಿ ಕುಳಿತವನು ಸ್ಕೂಟರು ಕಾರುಗಳ ದೆಸೆಯಿಂದ ಈ ವಿದ್ಯೆಯನ್ನು ಎಂದೋ ಕರಗತಮಾಡಿಕೊಂಡಿದ್ದಾನೆ. ಅವನನ್ನು ಯಾವ ಗೋಷ್ಠಿಗೂ ಕರೆದವರಿಲ್ಲ. ಬೆಂಗಳೂರಿನ ಸೈಕಲ್ಲಿಗರು ಆವತಿಯ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಅಂಥ ಒಬ್ಬನ ಮುಂದೆ ನಮ್ಮ ಮಿತ್ರರಾದ ಅದ್ವೈತಿಯೊಬ್ಬರು, ಕೈಪಂಪಿಗೆ ಜಗ್ಗದ ಟೈರನ್ನು ಕೆಡವಿ, ವಾಲ್ವಿನ ಒಳಗಣ ಪಿನ್ನನ್ನು ಏಕೆ ಕಳಚಬೇಕು, ಗಾಳಿ ಒಮ್ಮೆಲೇ ಏಕೆ ನುಗ್ಗಬೇಕು ಎಂಬುದನ್ನು ಸೋದಾಹರಣವಾಗಿ ನಿರೂಪಿಸತೊಡಗಿದರು. ಆತನು ಪಿನ್ನನ್ನು ಆಗಲೇ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದನು. ಟೈರಿನ ಅಂಚಿಗೆಲ್ಲ ಸೋಪಿನ ನೀರು ಬಳಿದು, ಕಂಪ್ರೆಸರಿನ ಪೈಪನ್ನು ಎಳೆದುಕೊಂಡು, "ಸರಿ ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಗಾಳಿ ಬಿಡ್ತೀನಿ" ಎಂದನು.