ಟಯರಿಗೆ ಕಲ್ಲು ಕೊಡುವವರಿಗೆ

ನನ್ನ ದೋಣಿಯ ಟ್ರೈಲರಿಗೆ ಬ್ರೇಕ್ ದಂಡದ ಖರ್ಚು ಎಂದು ತೀರ್ಪು ಕೊಟ್ಟ ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಸಮಸ್ತ ಹಿತೈಷಿಗಳೇ,

ಹಂಗಾರಕಟ್ಟೆಯಿಂದ ಶಿರೂರಿನ ಅಳ್ವೆಗದ್ದೆಗೆ ಒಂದು ಸಣ್ಣ ಫೈಬರ್ ದೋಣಿ ಸಾಗಿಸಬೇಕು ಎಂದು ನಾನು ಬಾಯಿಬಿಟ್ಟದ್ದೇ ತಡ, ನೀವು ಕೇಳಿದಿರಿ: "ಬ್ರೇಕ್ ಎಂತಕ್ ಮಾರ್ರೆ? ಎದ್ರು ಪಿಕಪ್ಪಿಗ್ ಇತ್ತಲ್ದಾ?" ಇದೆ, ಮಾರಾಯ್ರೆ. ಆದರೆ ಆ ಸಂಗತಿ ಹಿಂದೆ ಬರುವ ದೋಣಿಗೆ ಗೊತ್ತಿರುವುದಿಲ್ಲ. ಒತ್ತಿನೆಣೆಯ ಇಳಿಜಾರಿನಲ್ಲಿ ಪಿಕಪ್ ನಿಲ್ಲಲು ನೋಡಿದರೆ ದೋಣಿ ಅದರ ಬೆನ್ನಿಗೆ ಬಿದ್ದು ದೂಡುತ್ತದೆ. ರಸ್ತೆ ಒದ್ದೆಯಿದ್ದರಂತೂ ಹಿಂದಿನದು ಮುಂದೆ ಬಂದು ಅಡ್ಡ ನಿಂತು ಮುಖ ತೋರಿಸಿದರೂ ತೋರಿಸೀತು.

ನಿಮ್ಮದು ಅನುಭವದ ಮಾತು, ಸುಳ್ಳಲ್ಲ. ದೋಣಿಯನ್ನು ಮರಳಿನ ಮೇಲೆ ಎಳೆಯುವಾಗ ಹತ್ತಿಪ್ಪತ್ತು ಹೆಗಲು, ಅಡಿಗೆ ಮರದ ತುಂಡು, ಎಲ್ಲಕ್ಕೂ ಸೇರಿ ಒಂದು ಕೂಗು. ಕೂಗು ನಿಂತರೆ ದೋಣಿಯೂ ನಿಂತಿತು. ಅಷ್ಟು ಚೆಂದದ ಬ್ರೇಕನ್ನು ಯಾವ ಕಂಪೆನಿಯೂ ಮಾಡಿಲ್ಲ. ಆದರೆ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಯಿತಲ್ಲ! ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವುದನ್ನು 60ರಲ್ಲಿ ಓಡಿಸಿದರೆ, ನಿಲ್ಲಿಸುವಾಗ ಇಂಗಿಸಬೇಕಾದ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಅಷ್ಟಕ್ಕೆ ಕೂಗು ಸಾಲುವುದಿಲ್ಲ.

ಹಾಗಾಗಿ ಬ್ರೇಕು ಹುಡುಕಿದೆ. ಎಲೆಕ್ಟ್ರಿಕ್ ಬ್ರೇಕು ಮೊದಲು ಕಣ್ಣಿಗೆ ಬಿತ್ತು: ಡ್ರಮ್ಮಿನೊಳಗೊಂದು ಆಯಸ್ಕಾಂತ, ಅದಕ್ಕೆ ಪಿಕಪ್ಪಿನಿಂದ ಕರೆಂಟು. ಒಣ ಊರಿಗೆ ಒಳ್ಳೆಯದು. ವೈರು, ಆಯಸ್ಕಾಂತ ಎರಡನ್ನೂ ಉಪ್ಪುನೀರಿನಲ್ಲಿ ಅದ್ದಿ ಅದ್ದಿ ತೆಗೆಯುವ ನಮಗಲ್ಲ.

ಎರಡನೆಯದು ದೂಡಿದರೆ ಹಿಡಿಯುವ ಹೈಡ್ರಾಲಿಕ್ ಬ್ರೇಕು. ಪಿಕಪ್ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದೆ. ಕೊಂಡಿ ಹಿಂದಕ್ಕೆ ಸರಿದು ಸಿಲಿಂಡರನ್ನು ಅದುಮುತ್ತದೆ. ಎಣ್ಣೆ ಹೋಗಿ ಚಕ್ರ ಹಿಡಿಯುತ್ತದೆ. ಎಷ್ಟು ದೂಡಿತೋ ಅಷ್ಟೇ ಶಿಕ್ಷೆ. ಈ ನ್ಯಾಯಕ್ಕೆ ಮರುಳಾಗಿ ಅದನ್ನೇ ಹಾಕಿಸಿದೆ. ಅಳ್ವೆಗದ್ದೆಯಲ್ಲಿ ದೋಣಿ ಇಳಿಸಲು ರಿವರ್ಸ್ ಹಾಕಿದಾಗ ಅದರ ಬುದ್ಧಿ ಗೊತ್ತಾಯಿತು. ಹಿಂದಕ್ಕೆ ಹೋಗುವಾಗಲೂ ಕೊಂಡಿ ಒತ್ತುತ್ತದಲ್ಲ, ಬ್ರೇಕು ಹಿಡಿದುಕೊಂಡಿತು. ಪಿಕಪ್ಪಿನ ಹಿಂದಿನ ಟಯರು ಮರಳು ತೋಡಿತು. ನೀವು ದಂಡೆಯಲ್ಲಿ ನಿಂತು ನಕ್ಕಿರಿ. ರಿವರ್ಸ್ ಲೈಟಿನ ವೈರಿನಿಂದ ಕರೆಂಟು ಪಡೆದು ಎಣ್ಣೆಯ ದಾರಿ ಮುಚ್ಚುವ ಒಂದು ವಾಲ್ವು ಆಮೇಲೆ ಬಂತು. ವೈರು ಬೇಡವೆಂದು ಹೊರಟವನು ಕೊನೆಗೆ ಒಂದು ವೈರು ಎಳೆಸಿದೆ.

ಡ್ರಮ್ಮೋ ಡಿಸ್ಕೋ ಎಂಬ ಜಗಳ ಉಪ್ಪೇ ತೀರಿಸಿತು. ಡ್ರಮ್ಮಿನೊಳಗೆ ಹೊಕ್ಕ ನೀರು, ಮರಳು ನೆಂಟರ ಹಾಗೆ ಕೂತುಬಿಡುತ್ತವೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ತುಕ್ಕಿಗೆ ನಿಷೇಧವಿಲ್ಲ. ಮಳೆಗಾಲ ಕಳೆದು ನೋಡಿದರೆ ಶೂ, ಡ್ರಮ್ಮು ಎರಡೂ ಒಂದೇ ಮನೆಯವರು. ಡಿಸ್ಕ್ ಬಯಲಿನಲ್ಲಿರುತ್ತದೆ, ಬಾವಿನೀರು ಹೊಯ್ದು ತೊಳೆಯಬಹುದು. ಇನ್ನೊಂದು ಮಾತು: ಹೆದ್ದಾರಿ ಓಡಿ ಬಿಸಿಯಾದ ಚಕ್ರದ ಹಬ್ಬನ್ನು ಸೀದಾ ನೀರಿಗಿಳಿಸಬೇಡಿ. ಒಳಗಿನ ಗಾಳಿ ಥಟ್ಟನೆ ತಣಿದು ಸೀಲಿನ ಸಂದಿನಿಂದ ಉಪ್ಪುನೀರು ಹೀರಿಕೊಳ್ಳುತ್ತದೆ, ಬೇರಿಂಗ್ ಹೋಗುತ್ತದೆ. ಒಂದು ಚಾ ಕುಡಿಯುವಷ್ಟು ಹೊತ್ತು ಕಾಯಿರಿ. ಚಾ ವಿಷಯದಲ್ಲಾದರೂ ನೀವು ನನ್ನ ಮಾತು ಕೇಳುತ್ತೀರಿ.

ಪಿಕಪ್ಪಿನ ಚಾಲಕ ಮಾತ್ರ ಇನ್ನೂ ನಿಮ್ಮ ಪಕ್ಷ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಗಿಯುತ್ತಾನೆ: "ಮಾರಸ್ವಾಮಿ ನೋಡ್ಕಂತ." ಅವನ ಸೀಟಿನಡಿಯಲ್ಲಿ ಹಗ್ಗ ಕಟ್ಟಿದ ಒಂದು ಮುರಕಲ್ಲು ಇದೆ, ಗಾಡಿ ನಿಂತದ್ದೇ ಇಳಿದು ಟಯರಿಗೆ ಕೊಡುತ್ತಾನೆ, ಹೊರಡುವಾಗ ಹಗ್ಗ ಎಳೆದು ಒಳಗಿಡುತ್ತಾನೆ. ನಾನು ನಕ್ಕಿದ್ದೆ. ನಿಂತ ಗಾಡಿಯಲ್ಲಿ ನನ್ನ ಬ್ರೇಕಿಗೆ ಕೆಲಸವಿಲ್ಲ, ದೂಡುವವರಿದ್ದರೆ ತಾನೆ ಅದು ಹಿಡಿಯುವುದು ಎಂದು ಹೊಳೆದದ್ದು, ಅಳ್ವೆಗದ್ದೆಯ ಇಳಿಜಾರಿನಲ್ಲಿ ಕೊಂಡಿ ಕಳಚಿದ ಟ್ರೈಲರ್ ಮೆಲ್ಲಗೆ ನೀರಿನ ಕಡೆ ಹೊರಟಾಗ. ಕಲ್ಲು ಕೊಟ್ಟವರು ನೀವೇ. ಚಕ್ರ ನಿಂತಿತು, ಮುರಕಲ್ಲು ಎರಡು ಹೋಳಾಯಿತು.

ಮುಂದಿನ ಸಲ ಬರುವಾಗ ಶಿಲೆಕಲ್ಲು ತನ್ನಿ.

ಇಂತಿ,
ಡಿಸ್ಕ್ ಬ್ರೇಕಿನ ಸಾಲ ತೀರಿಸುತ್ತಿರುವ ನಿಮ್ಮವ