ಮಂಜು ಉಂಟಾ?

ಮಳೆಗಾಲದ ಶುಕ್ರವಾರ ಸಂಜೆ ಆರರಿಂದ ಎಂಟರವರೆಗೆ ನಾನು ಹವಾಮಾನ ಇಲಾಖೆ. ಸಂಬಳ ಇಲ್ಲ, ಉಪಕರಣವೂ ಇಲ್ಲ. ಇರುವುದು ಒಂದು ಹಳೆಯ ಕೊಡೆ, ಮತ್ತು ಅಂಗಳದ ತುದಿಯ ತೆಂಗಿನ ಮರದ ಬುಡದಲ್ಲಿ ನಿಂತರೆ ಮಾತ್ರ ಎರಡು ಕಡ್ಡಿ ರೇಂಜು ತೋರಿಸುವ ಮೊಬೈಲು. ಮಳೆ ಬರುತ್ತಿದೆ ಎಂದು ತಿಳಿಸಲು ಮಳೆಯಲ್ಲೇ ನಿಲ್ಲಬೇಕಾದ ಇಲಾಖೆ ಇದೊಂದೇ ಇರಬೇಕು.

ಮೊದಲ ಫೋನು ಬೆಂಗಳೂರಿನಿಂದ, ಚಿಕ್ಕಪ್ಪನ ಮಗನದ್ದು. "ಅಣ್ಣಾ, ಮಳೆ ಉಂಟಾ? ಮಂಜು ಉಂಟಾ?" ಊರು ಬಿಟ್ಟು ಇಪ್ಪತ್ತು ವರ್ಷವಾದರೂ ನನ್ನ ಹತ್ತಿರ ಅವನು 'ಉಂಟಾ' ಬಿಟ್ಟಿಲ್ಲ, ಹೆಂಡತಿ ಮಕ್ಕಳ ಹತ್ತಿರ 'ಇದೆಯಾ'. ಜೋರು ಮಳೆ ಎಂದರೆ "ಸೂಪರ್!" ಎನ್ನುತ್ತಾನೆ. ಹತ್ತು ನಿಮಿಷ ಬಿಟ್ಟು ಬಂಟ್ವಾಳ ಪೇಟೆಯಿಂದ ಭಾವ. "ಮೇಲೆ ಮಳೆ ಹೇಗುಂಟು ಭಾವ?" ಜೋರು ಮಳೆ ಎಂದರೆ "ಅಯ್ಯೋ ದೇವರೇ". ಹೇಳಿದವನು ನಾನೇ, ಮಳೆಯೂ ಅದೇ. ಒಬ್ಬ ಬ್ಯಾಗು ತುಂಬುತ್ತಾನೆ, ಇನ್ನೊಬ್ಬ ಅಂಗಡಿಯ ಕೆಳಗಿನ ಸಾಲಿನ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಾನೆ.

ನಮ್ಮ ಮನೆ ಬೆಳ್ತಂಗಡಿ ತಾಲೂಕಿನಲ್ಲಿ, ಮುಂಡಾಜೆ ದಾಟಿ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ. ಹಿತ್ತಲಿಗೆ ಬಂದರೆ ಘಟ್ಟ ಗೋಡೆಯ ಹಾಗೆ ಎದ್ದು ನಿಂತಿದೆ. ಫೋಟೋ ನೋಡಿದವರಿಗೆಲ್ಲ ಇದು ಗಿರಿಧಾಮ. ಅಲ್ಲ ಸ್ವಾಮೀ. ಗಿರಿ ಇರುವುದು ಮೇಲೆ, ಧಾಮವೂ ಮೇಲೆ, ನಾವು ಬುಡದವರು. ಸಮುದ್ರಮಟ್ಟದಿಂದ ಇನ್ನೂರು ಮೀಟರು ಕೂಡ ಎತ್ತರವಿಲ್ಲ. ಏಪ್ರಿಲಿನಲ್ಲಿ ಬನಿಯನು ಹಿಂಡಿದರೆ ಒಂದು ಚೆಂಬು ನೀರು. ತಂಪು ಬೇಕಾದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು ತಿರುವು ಸುತ್ತಿ ಕೊಟ್ಟಿಗೆಹಾರಕ್ಕೆ ಹತ್ತಬೇಕು. ಅದು ಬೇರೆ ಜಿಲ್ಲೆ. ಅಲ್ಲಿ ನೀರುದೋಸೆ ಬಹಳ ಪ್ರಸಿದ್ಧ. ನೀರುದೋಸೆ ನಮ್ಮ ಕಡೆ ಮನೆಮನೆಯಲ್ಲಿ ದಿನಬೆಳಗಾದರೆ ಎರೆಯುವ ವಸ್ತು, ಅದಕ್ಕೆ ಹೆಸರು ಬಂದದ್ದು ಮಾತ್ರ ಘಟ್ಟ ಹತ್ತಿದ ಮೇಲೆ.

ಆದರೂ ಜನ ಬರುತ್ತಾರೆ. ಬರುವವರಿಗೆ ಮಲಗಲು ಜಾಗ ಬೇಕಲ್ಲ, ಹಾಗಾಗಿ ಕೊಟ್ಟಿಗೆಗಳೆಲ್ಲ ಕಾಟೇಜುಗಳಾಗುತ್ತಿವೆ. ನಮ್ಮ ನೆರೆಯವರೊಬ್ಬರು ದನ ಮಾರಿ ಹಟ್ಟಿಗೆ ಟೈಲ್ಸು ಹಾಕಿಸಿದರು. ಅಕ್ಕಚ್ಚು ಇಡುತ್ತಿದ್ದ ಕಲ್ಲಿನ ಮರಿಗೆಯಲ್ಲಿ ಈಗ ತಾವರೆ. ದನ ತಿಂಗಳಿಡೀ ಹಾಲು ಕೊಟ್ಟು ತರುತ್ತಿದ್ದ ದುಡ್ಡನ್ನು ಅದರ ಹಟ್ಟಿ ಎರಡು ರಾತ್ರಿಯಲ್ಲಿ ತರುತ್ತದಂತೆ. ಮೊನ್ನೆ ಅಲ್ಲಿ ಇಳಿದಿದ್ದ ಒಬ್ಬರು ನನ್ನನ್ನು ತಡೆದು "ಇಲ್ಲಿಂದ ಬಂಡಾಜೆ ಅರ್ಬಿ ಫಾಲ್ಸ್ ಎಷ್ಟು ದೂರ?" ಎಂದು ಕೇಳಿದರು. ತುಳುವಿನಲ್ಲಿ ಅರ್ಬಿ ಎಂದರೇ ಜಲಪಾತ. ಬೋರ್ಡುಗಳಲ್ಲಿ ಕೆಲವು ಕಡೆ 'ಅರ್ಬಿ ಫಾಲ್ಸ್ ಜಲಪಾತ' ಎಂದೂ ಬರೆಯುತ್ತಾರೆ. ಇನ್ನೂರು ಅಡಿಯಿಂದ ಬೀಳುವ ನೀರು ಮೂರು ಭಾಷೆಯಲ್ಲಿ ಮೂರು ಸಲ ಬಿದ್ದರೆ ತಪ್ಪೇನು ಎಂದು ನಾನೂ ಸುಮ್ಮನಾಗಿದ್ದೇನೆ.

ಚಿಕ್ಕಪ್ಪನ ಮಗ 'ಸೂಪರ್' ಎಂದ ಮರುದಿನ ಮಧ್ಯಾಹ್ನಕ್ಕೆ ನಮ್ಮಲ್ಲಿ ಹಾಜರು, ಹೆಂಡತಿ ಮತ್ತು ಇಬ್ಬರು ಹುಡುಗರ ಸಮೇತ. ಆಟಿ ತಿಂಗಳು. ಘಟ್ಟದಲ್ಲಿ ರಸ್ತೆಗೇ ತಾಗಿ ಬೀಳುವ ಹತ್ತಾರು ನೀರಿಗೆ ತಲೆಕೊಟ್ಟು, ನಾಲ್ವರೂ ತೊಯ್ದು ತೊಪ್ಪೆಯಾಗಿ ಕಾರಿನಿಂದ ಇಳಿದರು. ನಾಲ್ವರದ್ದೂ ಜೀನ್ಸು.

ಜೀನ್ಸು ಯಾವ ದೇಶದಲ್ಲಿ ಹುಟ್ಟಿದ್ದೋ, ಅಲ್ಲಿ ಆಟಿ ತಿಂಗಳಿರಲಿಕ್ಕಿಲ್ಲ. ನಮ್ಮ ಕಡೆ ವರ್ಷದ ಮಳೆ ನಾಲ್ಕು ಸಾವಿರ ಮಿಲಿಮೀಟರು ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಅದರ ಬಹುಪಾಲು ಬೀಳುವ ಮೂರು ತಿಂಗಳಲ್ಲಿ ಬೆಂಕಿಕಡ್ಡಿ ಗೀರಿದರೆ ಅದರ ಮದ್ದು ಕೆಸರಿನ ಹಾಗೆ ಪೆಟ್ಟಿಗೆಗೆ ಮೆತ್ತಿಕೊಳ್ಳುತ್ತದೆ, ಕಪಾಟಿನಲ್ಲಿಟ್ಟ ಬೆಲ್ಟು ಬೂಸ್ಟು ಹಿಡಿದು ಹಸಿರಾಗುತ್ತದೆ. ತೆಳು ಪಂಚೆಯೇ ಮೂರು ದಿನ ತೆಗೆದುಕೊಳ್ಳುವಾಗ ಜೀನ್ಸಿನ ಕಥೆ ಹೇಳುವುದೇ ಬೇಡ. ಅದಕ್ಕೆ ಇಲ್ಲಿ ಒಂದೇ ದಾರಿ: ಬಚ್ಚಲುಮನೆ. ಹಂಡೆಯ ಒಲೆಯ ಮೇಲೆ ಅಡ್ಡ ಬಿದಿರು ಕಟ್ಟಿ, ತೆಂಗಿನ ಸಿಪ್ಪೆಯ ಬೆಂಕಿ ಹಾಕಿ, ಬಟ್ಟೆಯನ್ನು ಹೊಗೆಯಲ್ಲಿ ಬೇಯಿಸುವುದು. ನನ್ನ ಹೆಂಡತಿ ನಾಲ್ಕು ಜೀನ್ಸನ್ನೂ ಬಿದಿರಿಗೆ ನೇತುಹಾಕಿದಳು. ಕತ್ತಲಲ್ಲಿ ಸ್ನಾನಕ್ಕೆ ಹೋದ ನನಗೆ ಎಂಟು ಕಾಲುಗಳು ತಲೆಗೆ ತಾಗಿ, ಕೂಗಿದ ಕೂಗಿಗೆ ನಾಯಿ ಅಟ್ಟದ ಮೇಲೆ ಹೋಗಿ ಕುಳಿತಿತು.

ಎರಡನೆಯ ದಿನ ಒಂದು ಹೊಳವು ಕಂಡಿತು. ಅಡಿಕೆಗೆ ಮದ್ದು ಬಿಡಲು ನಾವು ಕಾಯುವುದು ಇಂಥ ಹೊಳವಿಗೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಸಮಯಕ್ಕೆ ಬಿಡದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆ ಬುಡದಲ್ಲಿ ಹಾಸಿಬಿಡುತ್ತದೆ. ಮರ ಹತ್ತುವವನು ಸಿಗುವುದು ಮದುವೆಗೆ ಹುಡುಗಿ ಸಿಕ್ಕಿದ ಹಾಗೆ. ಅವನೂ ಸಿಕ್ಕಿದ. ಅವನು ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಾಯುವುದನ್ನು ಹುಡುಗರು ವಿಡಿಯೋ ಮಾಡಿದರು. ಅವನೂ ಹುಮ್ಮಸ್ಸಿನಲ್ಲಿ ಪಂಪಿನ ಗನ್ನನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿದ. ತೋಟದ ಬದಿಗೆ ನಿಲ್ಲಿಸಿದ್ದ ಬಿಳಿ ಕಾರು ಸಂಜೆಗೆ ತಿಳಿನೀಲಿ. "ಕಾರಿಗೆ ಇನ್ನು ಕೊಳೆರೋಗ ಬರುವುದಿಲ್ಲ" ಎಂದು ನಾನು ಸಮಾಧಾನ ಹೇಳಿದ್ದು ಯಾರಿಗೂ ನಗು ತರಲಿಲ್ಲ.

ಜೀನ್ಸುಗಳು ಒಣಗಿದವು, ನಾಲ್ಕನೆಯ ದಿನ. ನೆಂಟರು ಹೋಗಿ ಆಗಲೇ ಎರಡು ದಿನವಾಗಿತ್ತು, ನನ್ನ ಪಂಚೆ ಮತ್ತು ಹೆಂಡತಿಯ ಚೂಡಿದಾರದಲ್ಲಿ. ಬಸ್ಸಿನಲ್ಲಿ ಕಟ್ಟು ಕಳಿಸಿದೆವು. ತಲುಪಿದ ದಿನ ರಾತ್ರಿ ಅವನ ಹೆಂಡತಿ ಫೋನು ಮಾಡಿ, "ಅಕ್ಕಾ, ಮೂರು ಸಲ ಮಿಷನ್‌ಗೆ ಹಾಕಿದೆ, ಇನ್ನೂ ಹೊಗೆ ವಾಸನೆ. ಲಿಫ್ಟಲ್ಲಿ ಪಕ್ಕದ ಫ್ಲಾಟಿನವರು ಎಲ್ಲೋ ಬೆಂಕಿ ಬಿದ್ದಿದೆ ಅಂದರು" ಎಂದಳು.

2024ರ ಮಳೆಗಾಲದಲ್ಲಿ ಘಟ್ಟದ ಜಾರುಬಂಡೆ ಹತ್ತಿ ಕುಣಿಯುತ್ತಿದ್ದ ಪ್ರವಾಸಿಗರು ದಡದಲ್ಲಿ ಬಿಟ್ಟಿದ್ದ ಬಟ್ಟೆಗಳನ್ನು ಪೊಲೀಸರು ಎತ್ತಿಕೊಂಡು ಹೋದ ಸುದ್ದಿ ಬಂತಲ್ಲ, ಅವತ್ತು ನನ್ನ ಹೆಂಡತಿ ಪೇಪರನ್ನು ಎರಡು ಸಲ ಓದಿದಳು. "ಒಣ ಬಟ್ಟೆಯ ಬೆಲೆ ಗೊತ್ತಿದ್ದವ ಒಬ್ಬನಾದರೂ ಇಲಾಖೆಯಲ್ಲಿ ಇದ್ದಾನೆ" ಎಂದಳು.

ಮೂಡುಬಿದಿರೆಯಲ್ಲಿರುವ ನನ್ನ ಅಕ್ಕನಿಗೂ ನೆಂಟರ ಕಾಟ ಉಂಟು. ಅಲ್ಲಿ ಬಸದಿಗಳೇ ಹದಿನೆಂಟು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದರೆ ಮಕ್ಕಳನ್ನು ಕಂಬ ಎಣಿಸಲು ಬಿಟ್ಟು ಇವಳು ಜಗಲಿಯಲ್ಲಿ ಕೂತರಾಯಿತು. ನಾನೂ ಅದೇ ಉಪಾಯ ಮಾಡಿ ಹುಡುಗರನ್ನು ಒಮ್ಮೆ ಗಡಾಯಿಕಲ್ಲಿಗೆ ಅಟ್ಟಿದ್ದೆ. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಕರೆದ ಬಂಡೆ ಅದು. ಮೆಟ್ಟಿಲು 1876 ಎನ್ನುತ್ತಾರೆ. ನಾನೂರಕ್ಕೆ ಲೆಕ್ಕ ತಪ್ಪಿತು, ಇಳಿದು ಮತ್ತೆ ಮೊದಲಿಂದ ಎಣಿಸೋಣವೇ ಎಂದು ಚಿಕ್ಕವನು ಫೋನು ಮಾಡಿದ. ಏನೇ ಹೇಳಿ, ಅಕ್ಕನ ಬಸದಿಗೆ ಬಾಗಿಲುಂಟು, ಹೊತ್ತಾದರೆ ಮುಚ್ಚುತ್ತಾರೆ. ನಮ್ಮ ಗುಡ್ಡಕ್ಕೆ ಬಾಗಿಲು ಎಲ್ಲಿ?

ಭಾವನ ಫೋನಿಗೆ ನಾನು ನಗುವುದಿಲ್ಲ. ನಮ್ಮ ಮನೆಯ ಹತ್ತಿರದ ತೋಡು ಮೃತ್ಯುಂಜಯ ಹೊಳೆಗೆ, ಅದು ಪಜಿರಡ್ಕದಲ್ಲಿ ನೇತ್ರಾವತಿಗೆ, ನೇತ್ರಾವತಿ ಬಂಟ್ವಾಳಕ್ಕೆ. ಇಲ್ಲಿ ಬಿದ್ದದ್ದು ಅಲ್ಲಿ ಏಳುತ್ತದೆ. 1923ರ ನೆರೆಯ ಕಥೆಯನ್ನು ಅವನ ಅಜ್ಜ ಹೇಳುತ್ತಿದ್ದರಂತೆ, 1974ರದ್ದನ್ನು ಅಪ್ಪ. ಅಂಗಡಿಯ ಗೋಡೆಯಲ್ಲಿ ನೀರು ನಿಂತ ಗೆರೆಗೆ ಸುಣ್ಣ ಬಳಿಯಲು ಅವರು ಬಿಡುತ್ತಿರಲಿಲ್ಲ. ಹೊಳೆ ಎಂಟೂವರೆ ಮೀಟರು ಮುಟ್ಟಿದರೆ ಅಪಾಯ ಎನ್ನುವ ಲೆಕ್ಕ ಇಲಾಖೆಯದ್ದು. ಭಾವನ ಲೆಕ್ಕ ಬೇರೆ: ನನ್ನ ಧ್ವನಿ ಮಳೆಯ ಸದ್ದಿನಲ್ಲಿ ಕೇಳಿಸಿದರೆ ಪರವಾಗಿಲ್ಲ, ಕೇಳಿಸದಿದ್ದರೆ ಮೂಟೆ ಎತ್ತಬೇಕು.

2019ರ ಆಗಸ್ಟ್ 9ರಂದು ಅವನಿಗೆ ಕೇಳಿಸಲಿಲ್ಲ. ಅವತ್ತು ಘಟ್ಟದ ಸಾಲಿನಲ್ಲಿ ಗುಡ್ಡಗಳು ಜರಿದವು. ದಿಡುಪೆ, ಕುಕ್ಕಾವು, ಚಾರ್ಮಾಡಿ ಕಡೆ ಹೊಳೆಯಲ್ಲಿ ನೀರು ಬರಲಿಲ್ಲ, ಮರಗಳು ಬಂದವು. ಬೇರು ಸಮೇತ, ಸಿಪ್ಪೆ ಸುಲಿದು, ಸೇತುವೆಗಳಿಗೆ ಅಡ್ಡ ಬಿದ್ದವು. ನೀರು ಇಳಿದ ಮೇಲೆ ನೋಡಿದರೆ ಹಲವರ ತೋಟ ಮರಳಿನ ಬಯಲು. ನಮ್ಮದು ಕೆಳಗಿನ ಎರಡು ಸಾಲು ಹೋಯಿತು. ತೋಟವೇ ಹೋದವರ ಮುಂದೆ ಅದನ್ನು ಹೇಳುವುದಕ್ಕೇ ನಾಚಿಕೆ. ಮೂರನೆಯ ದಿನ ರೇಂಜು ಬಂದಾಗ ಚಿಕ್ಕಪ್ಪನ ಮಗನ ಫೋನು. ಅವನು ಮಳೆ ಉಂಟಾ ಎಂದು ಕೇಳಲಿಲ್ಲ, ಮಂಜು ಉಂಟಾ ಎಂದೂ ಕೇಳಲಿಲ್ಲ. "ಅಣ್ಣಾ, ಮನೆ ಉಂಟಾ?" ಎಂದ. ಉಂಟು ಎಂದೆ. ಮುಂದಕ್ಕೆ ಇಬ್ಬರಿಗೂ ಮಾತು ಬರಲಿಲ್ಲ.

ಘಾಟಿ ರಸ್ತೆ ಮುಚ್ಚಿತು, ಬಸ್ಸು ಲಾರಿಗಳಿಗೆ ಬಹಳ ಕಾಲ ದಾರಿಯಿರಲಿಲ್ಲ. ಊರಿನಲ್ಲಿ ಒಂದು ಹಾರ್ನ್ ಇಲ್ಲ. ಮಂಗಟ್ಟೆ ಹಕ್ಕಿ ಹಾರುವಾಗ ಅದರ ರೆಕ್ಕೆಯ ಸದ್ದು ಕೇಳುವಷ್ಟು ಮೌನ. ಪ್ರವಾಸಿಗರು ಇಲ್ಲದಿದ್ದರೆ ಸುಖ ಎಂದುಕೊಂಡಿದ್ದವನು ನಾನು. ತಿಂಗಳು ಕಳೆಯುವಷ್ಟರಲ್ಲಿ ಚಾ ಅಂಗಡಿ ಬಾಗಿಲು ಹಾಕಿತು, ಹಲಸಿನ ಹಪ್ಪಳ ಮಾರುವ ಹೆಂಗಸರು ಹಪ್ಪಳವನ್ನು ಮನೆಯಲ್ಲೇ ಹುರಿದು ತಿಂದರು. ಆಮೇಲೆ ಒಂದು ಭಾನುವಾರ ಒಂದು ಕಾರು ಬಂತು. ಅಪ್ಪ ದೇವರೇ ಎಂದು ನಾನೇ ಗೇಟಿಗೆ ಓಡಿದೆ. ಗಾಜು ಇಳಿಸಿ ಕೇಳಿದರು, "ಗುಡ್ಡ ಕುಸಿದಿದ್ದು ಎಲ್ಲಿಂದ ಚೆನ್ನಾಗಿ ಕಾಣುತ್ತೆ?"

ನೋಡಲು ಬಾರದೆ ನಡೆಯಲು ಬರುವವರೂ ಇದ್ದಾರೆ. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಬೆಂಗಳೂರು, ಹಾಸನದ ಕಡೆಯಿಂದ ಧರ್ಮಸ್ಥಳಕ್ಕೆ ಸಾವಿರಾರು ಪಾದಯಾತ್ರಿಗಳು ಘಟ್ಟ ಇಳಿಯುತ್ತಾರೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರುವ ಅವರು ಗುಡ್ಡದ ಕಡೆ ತಲೆ ಎತ್ತುವುದಿಲ್ಲ. ನಾವು ಗೇಟಿನ ಹತ್ತಿರ ಮಜ್ಜಿಗೆಯ ಡ್ರಮ್ಮು ಇಡುತ್ತೇವೆ. ಎಲ್ಲರದ್ದೂ ಒಂದೇ ಪ್ರಶ್ನೆ, ಇನ್ನೆಷ್ಟು ದೂರ. ಇಪ್ಪತ್ತು ಕಿಲೋಮೀಟರು ಎನ್ನಲು ಬಾಯಿ ಬರುವುದಿಲ್ಲ. "ಇಲ್ಲೇ, ಹತ್ತಿರ" ಎನ್ನುತ್ತೇನೆ. ಉಜಿರೆಯವರೂ ಹಾಗೆಯೇ ಹೇಳುತ್ತಾರಂತೆ.

ಎಲ್ಲ ಬಿಟ್ಟು ಪೇಟೆಯಲ್ಲಿ ಮನೆ ಮಾಡಬಾರದೇ ಎಂದು ಕೇಳುವವರಿಗೆ ನಾನು ಕೊಡುವ ಕಾರಣ ಒಂದೇ: ನೀರು. ಗುಡ್ಡದ ಒರತೆಗೆ ಒಂದು ಕಪ್ಪು ಪೈಪು ಸಿಕ್ಕಿಸಿದ್ದೇವೆ. ಪಂಪು ಬೇಡ, ಕರೆಂಟು ಬೇಡ, ಬಿಲ್ಲು ಬೇಡ. ಹಗಲೂ ರಾತ್ರಿ ಬಚ್ಚಲಿನ ತೊಟ್ಟಿಗೆ ಬೀಳುತ್ತಿರುತ್ತದೆ. ಕಳೆದ ವರ್ಷ ಆನೆ ತುಳಿದು ಪೈಪು ಒಡೆದು ಸದ್ದು ನಿಂತ ರಾತ್ರಿ ನಮಗೆ ನಿದ್ದೆಯೇ ಬರಲಿಲ್ಲ. ಇನ್ನು ಕಷ್ಟದ ವಿಷಯಕ್ಕೆ ಬಂದರೆ, ಎಳನೀರು ಎಂಬ ಊರಿನವರ ಮುಂದೆ ನಾವು ಬಾಯಿ ಬಿಡುವ ಹಾಗಿಲ್ಲ. ಅವರ ಊರು ನಮ್ಮದೇ ತಾಲೂಕು, ಗುಡ್ಡದ ಆ ಮಗ್ಗುಲು. ದಿಡುಪೆಯಿಂದ ಕಾಗೆ ಹಾರಿದರೆ ತುಸುವೇ ದೂರ. ಆದರೆ ಬೆಳ್ತಂಗಡಿಯ ಕಚೇರಿಯಲ್ಲಿ ಒಂದು ಸಹಿ ಬೇಕಾದರೆ ಕುದುರೆಮುಖ, ಬಜಗೋಳಿ ಸುತ್ತಿ ನೂರರ ಆಸುಪಾಸು ಕಿಲೋಮೀಟರು.

ಕಳೆದ ದೀಪಾವಳಿ ಮುಗಿದ ಮೇಲೆ ಚಿಕ್ಕಪ್ಪನ ಮಗ ಹಟ ಹಿಡಿದು ನಮ್ಮಿಬ್ಬರನ್ನೂ ಬೆಂಗಳೂರಿಗೆ ಕರೆಸಿಕೊಂಡ. "ಪ್ರತಿಸಲ ನಾವೇ ಬರೋದಾ? ನಿಮಗೂ ಒಂದು ಚೇಂಜ್ ಬೇಕು." ಭಾನುವಾರ ಬೆಳಗಿನ ಜಾವ ಮೂರೂವರೆಗೆ ಎಬ್ಬಿಸಿದ. ಎಲ್ಲಿಗೆ ಎಂದರೆ ಸರ್‌ಪ್ರೈಸ್ ಎಂದ. ಕಾರಿನಲ್ಲಿ ಜೋಂಪು ಹತ್ತಿ ಕಣ್ಣು ಬಿಟ್ಟಾಗ ಮುಂದೆ ಕೆಂಪು ದೀಪಗಳ ಸಾಲು, ಬೆಟ್ಟದ ಬುಡದಿಂದ ಕಣ್ಣು ಹಾಯುವವರೆಗೆ ಕಾರು, ಬೈಕು. ನಂದಿಬೆಟ್ಟ. ಒಂದೂವರೆ ಗಂಟೆ ಕ್ಯೂ. ಮೇಲೆ ಹತ್ತಿ ಜನರ ಹೆಗಲುಗಳ ನಡುವೆ ತಲೆ ತೂರಿಸಿ ನಿಂತೆವು. ಎದುರಿಗೆ ಬೆಳ್ಳಗೆ, ತಣ್ಣಗೆ, ಏನೂ ಕಾಣದ ಹಾಗೆ ಹಾಸಿಕೊಂಡಿತ್ತು. ಸಾವಿರ ಮೊಬೈಲು ಮೇಲೆದ್ದವು.

"ಹೇಗುಂಟು ಮಂಜು?" ಎಂದ ಅವನು, ತಾನೇ ಬೀಸಿ ಹಾಸಿದವನ ಹಾಗೆ.

ನನ್ನ ಹೆಂಡತಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಪಾಪ, ಇವರು ಬಟ್ಟೆ ಎಲ್ಲಿ ಒಣಗಿಸುತ್ತಾರೋ."