ಬಾಡಿಗೆ ವಿಳಂಬ ಮೀಮಾಂಸೆ

ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆ, ಗೋಡೆ, ಚರಂಡಿ, ಕಿಟಕಿಗಳ ತಂಟೆ ತಕರಾರುಗಳ ನಡುವೆ ಬಾಡಿಗೆಯ ಮಾತೂ ಬರುತ್ತದೆ. ಬಿಡು ಎಂದ ಮೇಲೂ ಮನೆ ಬಿಡದವನಿಗೆ ಹನ್ನೆರಡು ಪಣ ದಂಡ. ಬಾಡಿಗೆ ಕೊಟ್ಟವನನ್ನು ಹೊರಗೆ ಹಾಕಿದ ಮಾಲೀಕನಿಗೂ ಅಷ್ಟೇ ದಂಡ. ಬಾಡಿಗೆದಾರ ಬೈಗುಳ, ಕಳವು, ದರೋಡೆಯಂಥ ಅಪರಾಧ ಮಾಡಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ತಾನಾಗಿ ಬಿಟ್ಟು ಹೊರಟವನು ವರ್ಷದ ಉಳಿಕೆ ಬಾಡಿಗೆಯನ್ನು ಕಟ್ಟಿಯೇ ಹೋಗಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ರೂಪದಲ್ಲಿ ಬಂದು, ಆರ್. ಶಾಮಾಶಾಸ್ತ್ರಿಗಳ ಶ್ರಮದಿಂದ 1909ರಲ್ಲಿ ಅಚ್ಚಾದ ಈ ಗ್ರಂಥ ಇಷ್ಟೆಲ್ಲ ಯೋಚಿಸಿದ್ದರೂ ಒಂದು ಕೊರತೆ ಉಳಿದೇ ಇದೆ. ಈ ಪ್ರಕರಣವನ್ನು ಓದಿದರೆ ಆಚಾರ್ಯರ ಲೆಕ್ಕದಲ್ಲಿ ಬಾಡಿಗೆದಾರರು ಕೊಟ್ಟವರು, ಕೊಡದವರು ಎಂದು ಎರಡೇ ಬಗೆ. ಕೊಡುತ್ತಾನೆ, ಪೂರ್ತಿ ಕೊಡುತ್ತಾನೆ, ಆದರೆ ಐದನೇ ತಾರೀಕಿನ ಬದಲು ಹದಿನೈದಕ್ಕೆ ಕೊಡುತ್ತಾನೆ ಎಂಬ ಮೂರನೆಯ ವರ್ಗ ಅವರ ಕಣ್ಣಿಗೆ ಬಿದ್ದಂತಿಲ್ಲ. ಬೆಂಗಳೂರಿನ ಮನೆ ಮಾಲೀಕರ ಹಿತದೃಷ್ಟಿಯಿಂದ ಆ ಮೂರನೆಯ ವರ್ಗವನ್ನು ಶಾಸ್ತ್ರದೊಳಕ್ಕೆ ತರುವುದೇ ಈ ಪ್ರಬಂಧದ ಉದ್ದೇಶ.

ಸಂಪ್ರದಾಯದಲ್ಲಿ ಪೂರ್ವಪಕ್ಷ ಮೊದಲು, ಸಿದ್ಧಾಂತ ಆಮೇಲೆ. ಇಲ್ಲಿ ಕ್ರಮವನ್ನು ತಿರುಗಿಸಲಾಗಿದೆ, ಏಕೆಂದರೆ ಓದುಗರಾದ ಮಾಲೀಕರು ಅಡ್ವಾನ್ಸ್ ಮೊದಲು, ಬೀಗದ ಕೈ ಆಮೇಲೆ ಎಂಬ ಪದ್ಧತಿಗೆ ಒಗ್ಗಿಹೋದವರು. ಸಿದ್ಧಾಂತ ಇಷ್ಟೆ: ತಡವಾಗಿ ಬಾಡಿಗೆ ಕೊಡುವವನನ್ನು ಮಾಲೀಕನು ತಿದ್ದಲು ಹೋಗಬಾರದು, ಖಾಲಿ ಮಾಡಿಸಲೂ ಹೋಗಬಾರದು. ಜೋಪಾನವಾಗಿ ಸಾಕಿಕೊಳ್ಳಬೇಕು. ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೆ ತಪ್ಪದೆ ದುಡ್ಡು ಹಾಕುವ ಬಾಡಿಗೆದಾರ ಮಾಲೀಕನಿಗೆ ಆಗಿಬರುವವನಲ್ಲ. ಅವನಿಂದ ಬರುವುದು ಬಾಡಿಗೆ ಒಂದೇ. ತಡ ಮಾಡುವವನಿಂದ ಬಾಡಿಗೆಯ ಜೊತೆಗೆ ಇನ್ನೂ ಏನೇನೋ ಬರುತ್ತದೆ.

ಮೊದಲು ಗಣಿತ ನೋಡೋಣ. ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಮನೆ. ಊರಿನ ಹಳೆಯ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್, ಅಂದರೆ 1,50,000. ಶೇಕಡ 6ರ ಬಡ್ಡಿ ಹಿಡಿದರೂ ಅದರ ಮೇಲೆ ವರ್ಷಕ್ಕೆ 9,000, ದಿನಕ್ಕೆ ಸುಮಾರು 25 ರೂಪಾಯಿ. ಈಗ ಬಾಡಿಗೆದಾರ ಹತ್ತು ದಿನ ತಡ ಮಾಡಿದ ಎನ್ನಿ. ಅದೇ ದರದಲ್ಲಿ 15,000ಕ್ಕೆ ಹತ್ತು ದಿನದ ಬಡ್ಡಿ ಎಷ್ಟು? ಅದೂ ಸುಮಾರು 25 ರೂಪಾಯಿಯೇ. ಅಡ್ವಾನ್ಸ್ ಹಣ ಒಂದು ಹಗಲು ಒಂದು ರಾತ್ರಿ ಬ್ಯಾಂಕಿನಲ್ಲಿ ಮಲಗಿ ಎದ್ದರೆ ಹತ್ತು ದಿನದ ವಿಳಂಬದ ನಷ್ಟ ತುಂಬಿಹೋಯಿತು. ತಿಂಗಳ ಮಿಕ್ಕ ಇಪ್ಪತ್ತೊಂಬತ್ತು ದಿನದ ಬಡ್ಡಿ ನಿವ್ವಳ ಲಾಭ. ಅಗ್ರಿಮೆಂಟಿನಲ್ಲಿ ಈ ಹಣಕ್ಕೆ ಬಡ್ಡಿ ಇಲ್ಲ ಎಂದು ಒಂದು ಸಾಲು ಬರೆಸಿರುವುದರಿಂದ ಯಾರೂ ಕೇಳುವಂತಿಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರನು ಸಾಲ, ಬಡ್ಡಿ, ಒತ್ತೆಗಳ ವಿಚಾರವನ್ನು ಸಾಕಷ್ಟು ಅರೆದು ಕುಡಿದವನೇ. ಆದರೂ ಬಡ್ಡಿಯಿಲ್ಲದ ಸಾಲ ಕೊಟ್ಟವನು ಸಾಲ ತೆಗೆದುಕೊಂಡವನ ಮುಂದೆ ತಲೆ ತಗ್ಗಿಸಿ ನಿಲ್ಲುವ ಈ ಏರ್ಪಾಡನ್ನು ಅವನು ಊಹಿಸಿದ್ದಿರಲಾರ. ಅದನ್ನು ಕಂಡುಹಿಡಿದ ಕೀರ್ತಿ ನಮ್ಮ ಬಡಾವಣೆಗಳಿಗೇ ಸಲ್ಲಬೇಕು.

ಇನ್ನು ಕಾನೂನು. ತಡ ಮಾಡಿದವನನ್ನು ಕೋರ್ಟಿಗೆ ಎಳೆಯುತ್ತೇನೆ ಎಂದು ಹೊರಡುವ ಮಾಲೀಕರಿಗೆ ಈ ಭಾಗ ತಣ್ಣೀರು. 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ಪ್ರಕಾರ ಬಾಕಿ ಕೇಳಿ ನೋಟೀಸು ಕೊಟ್ಟ ಮೇಲೆ ಎರಡು ತಿಂಗಳು ಕಾಯಬೇಕು. ಆಗಲೂ ಪೂರ್ತಿ ಬಾಕಿ ಬರದಿದ್ದರೆ ಮಾತ್ರ ಬಿಡಿಸಲು ಅದೊಂದು ಕಾರಣವಾಗುತ್ತದೆ. ಹದಿನೈದಕ್ಕೆ ದುಡ್ಡು ತರುವವನು ಈ ಬಲೆಗೆ ಬೀಳುವುದೇ ಇಲ್ಲ. ಸಾಲದ್ದಕ್ಕೆ, ಬೆಂಗಳೂರಿನಂಥ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಈ ಕಾಯಿದೆ ಅನ್ವಯಿಸುವುದೂ ಇಲ್ಲ. ಆ ಮೊತ್ತಕ್ಕೆ ಇವತ್ತು ಮನೆ ಇರಲಿ, ಮೆಟ್ಟಿಲ ಕೆಳಗಿನ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಊರಿನ ಬಹುಪಾಲು ಮನೆಗಳ ಜಗಳ 1882ರ ಆಸ್ತಿ ವರ್ಗಾವಣೆ ಅಧಿನಿಯಮದ ಪಾಲಿಗೆ ಬರುತ್ತದೆ. ತಿಂಗಳ ಬಾಡಿಗೆಯ ಮನೆ ಬಿಡಿಸಲು ಅದರ 106ನೇ ಕಲಮಿನಂತೆ ಹದಿನೈದು ದಿನದ ನೋಟೀಸು. ಬಾಡಿಗೆ ಕೊಡದ ತಪ್ಪಿಗೆ ಗೇಣಿ ರದ್ದಾಯಿತೆಂದು ದಾವೆ ಹೂಡಿ, ಸಮನ್ಸು ಜಾರಿಯಾಗಿ, ವಾಯಿದೆಯ ಮೇಲೆ ವಾಯಿದೆ ಬಿದ್ದು, ಕೊನೆಗೆ ವಿಚಾರಣೆ ಬಂದ ದಿನ ಬಾಡಿಗೆದಾರ ಬಾಕಿ, ಬಡ್ಡಿ, ಖರ್ಚು ಮೂರನ್ನೂ ಮುಂದಿಟ್ಟರೆ, 114ನೇ ಕಲಮಿನ ಪ್ರಕಾರ ಅವನನ್ನು ಮನೆಯಲ್ಲೇ ಉಳಿಸುವ ಅಧಿಕಾರ ಕೋರ್ಟಿಗಿದೆ. ತಡವಾಗಿಯಾದರೂ ಕೊಟ್ಟವನ ಮೇಲೆ ಕರುಣೆ ತೋರಬೇಕೆಂದು ವಿಕ್ಟೋರಿಯಾ ರಾಣಿಯ ಕಾಲದಲ್ಲೇ ಬರೆದಿಟ್ಟಿದ್ದಾರೆ. ಅದನ್ನು ಮೀರಿ ಕಟುವಾಗಲು ನಮ್ಮ ಮಾಲೀಕರು ಯಾರು?

ಈಗ ಮುಖ್ಯ ವಿಷಯ: ವಿಳಂಬದ ಇಳುವರಿ. ಬಾಡಿಗೆ ಬಾಕಿ ಇರುವವನ ಬಾಯಿ ಕಟ್ಟಿರುತ್ತದೆ. ಬಚ್ಚಲ ನಲ್ಲಿ ಸೋರುತ್ತಿದೆ, ಮಳೆಗಾಲದಲ್ಲಿ ಮಲಗುವ ಕೋಣೆಯ ಗೋಡೆ ನೆಂದು ಬಣ್ಣ ಹಕ್ಕಳೆ ಏಳುತ್ತಿದೆ, ಮೇಲಿನ ಟ್ಯಾಂಕು ತೊಳೆಸಿ ವರ್ಷವಾಯಿತು. ಒಂದನೇ ತಾರೀಕು ದುಡ್ಡು ಹಾಕಿದವನು ಎರಡನೇ ತಾರೀಕು ಪ್ಲಂಬರ್ ಎಲ್ಲಿ ಎಂದು ಕೇಳುತ್ತಾನೆ. ಕೇಳುವ ಹಕ್ಕೂ ಅವನಿಗಿದೆ. ಹದಿನೈದಕ್ಕೆ ಹಾಕುವವನು ಹದಿನಾಲ್ಕರವರೆಗೆ ಕೇಳಲಾರ, ಹದಿನಾರಕ್ಕೆ ಕೇಳಿದರೆ ‘ಮೊದಲು ನೀವು ಟೈಮಿಗೆ ಸರಿಯಾಗಿ ಕೊಡಿ’ ಎಂಬ ಉತ್ತರ ಸಿದ್ಧವಿದೆ. ಇಪ್ಪತ್ತರ ಮೇಲೆ ಅವನಿಗೆ ಬರುವ ತಿಂಗಳ ಚಿಂತೆ ಹತ್ತಿರುತ್ತದೆ. ಒಬ್ಬ ಪ್ಲಂಬರ್ ಬಂದು ವಾಷರ್ ಬದಲಾಯಿಸಿ ಹೋದರೂ ಕೂಲಿ 25 ರೂಪಾಯಿಗೆ ಮುಗಿಯುವುದಿಲ್ಲ ಎಂಬುದನ್ನು ಮೇಲಿನ ಗಣಿತದ ಪಕ್ಕದಲ್ಲಿಟ್ಟು ನೋಡಿದರೆ ಸಿದ್ಧಾಂತ ಬೆಳಕಿನಷ್ಟು ಸ್ಪಷ್ಟ. ಮನೆ ಬಿಡುವಾಗ ಬಣ್ಣದ ಬಾಬ್ತೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವಾಗಲೂ ವಿಳಂಬದ ಇತಿಹಾಸ ಉಪಯೋಗಕ್ಕೆ ಬರುತ್ತದೆ. ಪ್ರತಿ ತಿಂಗಳೂ ನಾಚಿಕೊಂಡವನು ಕೊನೆಯ ದಿನ ಜಗಳಕ್ಕೆ ನಿಲ್ಲುವುದು ಕಡಿಮೆ. ಪರರ ಜಾಗದಲ್ಲಿ ಬಾಡಿಗೆ ಕೊಟ್ಟು ಮನೆ ಕಟ್ಟಿಕೊಂಡವನು ಬಿಡುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ಒಯ್ಯಬಹುದೆಂದು ನಾರದ ಸ್ಮೃತಿ ಹೇಳುತ್ತದೆ. ಇಂದಿನವನು ಕ್ಯಾಲೆಂಡರ್ ತೂಗುಹಾಕಲು ಹೊಡೆದ ಮೊಳೆಯನ್ನು ಒಯ್ದರೂ ಅದರ ತೂತಿನ ದುಡ್ಡು ಕಟ್ಟಬೇಕು. ಸ್ಮೃತಿಕಾಲದಿಂದ ನಾವು ಎಷ್ಟು ಮುಂದುವರಿದಿದ್ದೇವೆ!

ಆದರೆ ಈ ಇಳುವರಿ ತಾನಾಗಿ ಕೈಗೆ ಬರುವುದಿಲ್ಲ. ಕೇಳುವ ಕಲೆ ಗೊತ್ತಿರಬೇಕು, ಮತ್ತು ಆ ಕಲೆಯ ಮೂಲಸೂತ್ರ ಬಾಡಿಗೆ ಎಂಬ ಮಾತನ್ನೇ ಎತ್ತದಿರುವುದು. ಐದನೇ ತಾರೀಕು ಕಳೆದ ಮೇಲೆ ಮಾಲೀಕರು ಮಹಡಿಯಿಂದ ಇಳಿದು ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡುತ್ತಾರೆ. ಸಂಪಿನಲ್ಲಿ ನೀರು ಎಷ್ಟಿದೆ ಎಂದು ಅವರಿಗೆ ಗೊತ್ತು, ಬೆಳಿಗ್ಗೆ ಮೋಟಾರ್ ಹಾಕಿದ್ದು ಅವರೇ. ಮುಚ್ಚಳದ ಸದ್ದಿಗೆ ಕೆಳಗಿನ ಮನೆಯ ಬಾಗಿಲು ಅರ್ಧ ತೆರೆಯುತ್ತದೆ. ‘ಏನ್ ಸಾರ್, ನೀರು ಚೆನ್ನಾಗಿ ಬರ್ತಿದೆಯಾ?’ ‘ಬರ್ತಿದೆ ಸಾರ್.’ ‘ಮೋಟಾರ್ ಸುಟ್ಟೋಗಿತ್ತು, ವೈಂಡಿಂಗ್‌ಗೆ ಮೂರು ಸಾವಿರ ಕೇಳ್ತಿದಾನೆ ನೋಡಿ.’ ‘ಹೌದಾ ಸಾರ್? ನಾಳೆ ನಾಡಿದ್ರಲ್ಲಿ ಹಾಕ್ಬಿಡ್ತೀನಿ ಸಾರ್.’ ಮೋಟಾರಿನ ಪ್ರಶ್ನೆಗೆ ಬಾಡಿಗೆಯ ಉತ್ತರ. ಎರಡು ಕಡೆಯ ಮಾನವೂ ಉಳಿಯಿತು. ಒಂಬತ್ತರ ನಂತರ ವ್ಯವಹಾರ ಟೆರೇಸಿಗೆ ಏರುತ್ತದೆ. ಬಟ್ಟೆ ಒಣಹಾಕುವ ಹೊತ್ತಿಗೆ ಮಾಲೀಕರ ಮನೆಯಾಕೆ ‘ಏನಮ್ಮಾ, ನಿಮ್ಮನೆಯವರಿಗೆ ಈ ಸಲ ಸಂಬಳ ತಡವಾ?’ ಎಂದು ಕಳಕಳಿಯಿಂದ ವಿಚಾರಿಸುತ್ತಾರೆ. ಹನ್ನೆರಡರ ಮೇಲೆ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದೊಂದಿಗೆ ಶುಭೋದಯ. ಬೇರೆ ತಿಂಗಳಲ್ಲಿ ಬಾರದ ಶುಭೋದಯ ಈ ಹೊತ್ತಿಗೇ ಏಕೆ ಬಂತೆಂದು ಓದಿದವನಿಗೆ ಅರ್ಥವಾಗುತ್ತದೆ. ಓದಿದ್ದಾನೆಂದು ನೀಲಿ ಗೆರೆ ಹೇಳುತ್ತದೆ. ಅದಕ್ಕೂ ಮೀರಿದರೆ ಮಾತ್ರ ‘ನಮ್ಮ ಮಗ ಬರ್ತಾನಂತೆ, ಮನೆ ಬೇಕಾಗಬಹುದು’ ಎಂಬ ಬ್ರಹ್ಮಾಸ್ತ್ರ. ಅದನ್ನು ವರ್ಷಕ್ಕೊಮ್ಮೆಗಿಂತ ಹೆಚ್ಚು ಬಿಡಬಾರದು. ಮಗ ಅಷ್ಟು ಸಲ ಬರುವುದಿಲ್ಲವೆಂದು ಬೀದಿಗೆಲ್ಲ ಗೊತ್ತಿರುತ್ತದೆ. ನೆಂಟಸ್ತಿಕೆ ಬೆಳೆಸಿ ವಸೂಲು ಮಾಡುವ ಮಾರ್ಗವನ್ನಂತೂ ಶಾಸ್ತ್ರ ಒಪ್ಪುವುದಿಲ್ಲ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ನೋಡಿದವರಿಗೆ ವಠಾರದ ಬಾಡಿಗೆದಾರ ಅಳಿಯನಾಗಬಲ್ಲ ಎಂದು ಗೊತ್ತು. ಅಳಿಯನ ಹತ್ತಿರ ಬಾಡಿಗೆ ಕೇಳಿದ ಮಾವ ಇನ್ನೂ ಹುಟ್ಟಬೇಕು.

ಇನ್ನು ಆಕ್ಷೇಪಗಳು. ‘ಮನೆ ಕಟ್ಟಿದ ಸಾಲದ ಕಂತು ಬ್ಯಾಂಕಿನವರು ಐದಕ್ಕೇ ಕತ್ತರಿಸುತ್ತಾರೆ, ಹದಿನೈದರವರೆಗೆ ಕಾಯುವುದು ಹೇಗೆ?’ ಎಂಬುದು ಮೊದಲನೆಯದು. ಕಂತಿನ ತಾರೀಕನ್ನು ಸಂಬಳದ ತಾರೀಕಿಗೆ ಕಟ್ಟಿಕೊಳ್ಳಬೇಕೇ ಹೊರತು ಇನ್ನೊಬ್ಬರ ಸಂಬಳದ ತಾರೀಕಿಗೆ ಕಟ್ಟಿಕೊಳ್ಳಬಾರದು ಎಂಬುದು ಸಮಾಧಾನ. ಎರಡನೆಯದು ತೂಕದ್ದು. ಪೆನ್ಷನ್ ಇಲ್ಲದ, ಒಂದೇ ಮನೆಯ ಬಾಡಿಗೆಯಿಂದ ಔಷಧಿ ದಿನಸಿ ತೂಗಿಸುವ ವಯಸ್ಸಾದವರು ಇದ್ದಾರೆ. ಅವರಿಗೆ ಹತ್ತು ದಿನದ ವಿಳಂಬ ಬಡ್ಡಿಯ ಲೆಕ್ಕವಲ್ಲ, ಮೆಡಿಕಲ್ ಅಂಗಡಿಯಲ್ಲಿ ಬರೆಸುವ ಲೆಕ್ಕ. ಈ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಸಿದ್ಧಾಂತವನ್ನು ಅಂಥವರ ಮನೆ ಬಾಗಿಲಲ್ಲೇ ನಿಲ್ಲಿಸುತ್ತೇವೆ, ಅಲ್ಲಿನ ಬಾಡಿಗೆದಾರರು ಒಂದನೇ ತಾರೀಕೇ ಕೊಡತಕ್ಕದ್ದು. ಶಾಸ್ತ್ರಕ್ಕೆ ಅಪವಾದ ಇದ್ದರೆ ಶೋಭೆಯೇ. ಮೂರನೆಯ ಆಕ್ಷೇಪ ಕರೆಂಟಿನ ಫ್ಯೂಸ್ ಕೈಗೆಟುಕುವ ಮಾಲೀಕರದು: ‘ಎರಡು ದಿನ ನೀರು, ಕರೆಂಟು ನಿಲ್ಲಿಸಿದರೆ ಮೂರನೇ ದಿನ ದುಡ್ಡು ಬರುತ್ತದೆ, ಇಷ್ಟೆಲ್ಲ ಮೀಮಾಂಸೆ ಏತಕ್ಕೆ?’ ಬರಬಹುದು. ಆದರೆ ಬಾಡಿಗೆ ಕಾಯಿದೆಗಳು ನೀರು, ದೀಪದಂಥ ಅಗತ್ಯ ಸೌಕರ್ಯ ತಡೆಯುವುದನ್ನು ನಿಷೇಧಿಸಿವೆ. ಅಲ್ಲದೆ ಆ ಕ್ಷಣಕ್ಕೆ ತಪ್ಪಿತಸ್ಥನ ಪಟ್ಟ ಕೆಳಗಿನ ಮನೆಯಿಂದ ಮೇಲಿನ ಮನೆಗೆ ವರ್ಗವಾಗುತ್ತದೆ. ವರ್ಷಗಟ್ಟಲೆ ಕೂಡಿಟ್ಟ ನೈತಿಕ ಬಂಡವಾಳವನ್ನು ಒಂದು ಫ್ಯೂಸಿಗೆ ಕಳೆದುಕೊಳ್ಳುವುದು ದಡ್ಡತನ.

ಅಗ್ರಿಮೆಂಟಿನಲ್ಲೇ ದಿನಕ್ಕೆ ನೂರು ರೂಪಾಯಿ ದಂಡ ಬರೆಸಿಬಿಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ಒಂದು ವರ್ಷ ಮೀರಿದ ಗೇಣಿಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಅಧಿನಿಯಮ ಹೇಳುವುದರಿಂದ ನಮ್ಮ ಅಗ್ರಿಮೆಂಟುಗಳೆಲ್ಲ ಹನ್ನೊಂದೇ ತಿಂಗಳಿನವು. ಹನ್ನೆರಡನೇ ತಿಂಗಳು ಯಾರಿಗೂ ಸೇರದ ಅನಾಥ. ಆ ಕಾಗದದಲ್ಲಿ ದಂಡ ಬರೆಸಿದರೆ ಆಗುವ ಅನಾಹುತವೇ ಬೇರೆ. ದಂಡ ಕಟ್ಟಿದವನಿಗೆ ನಾಚಿಕೆ ಇರುವುದಿಲ್ಲ. ಹತ್ತು ದಿನಕ್ಕೆ ಸಾವಿರ ಎಸೆದು ಎದೆಯುಬ್ಬಿಸಿ ನಲ್ಲಿ ರಿಪೇರಿ ಕೇಳುತ್ತಾನೆ. ತಡವನ್ನು ಕ್ಷಮಿಸಲೂ ಬಾರದು, ಮಾರಲೂ ಬಾರದು; ಪ್ರತಿ ತಿಂಗಳೂ ‘ಪರವಾಗಿಲ್ಲ ಬಿಡಿ’ ಎಂದು ಹೇಳುತ್ತಾ ಪರವಾಗಿದೆ ಎಂದು ಮುಖದಲ್ಲಿ ತೋರಿಸಬೇಕು. ಇದೇ ಕಾರಣಕ್ಕೆ, ಮೊಬೈಲಿನಲ್ಲಿ ತಾನಾಗಿಯೇ ಬಾಡಿಗೆ ವರ್ಗವಾಗುವ ಸೌಲಭ್ಯವನ್ನು ಬಾಡಿಗೆದಾರರು ಬಳಸದಂತೆ ಮಾಲೀಕರು ಎಚ್ಚರ ವಹಿಸಬೇಕು.

ಈ ಸಿದ್ಧಾಂತಕ್ಕೆ ನಿಜವಾದ ಅಪಾಯ ಬೇರೆ ಕಡೆಯಿಂದ ಇದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎಂದಿದೆ. ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಕಾಯಿದೆ ಮಾಡಿದರಷ್ಟೇ ಜಾರಿ. ಒಪ್ಪಿಬಿಟ್ಟರೆ 1,50,000 ಇದ್ದ ಕಡೆ 30,000 ಉಳಿಯುತ್ತದೆ, ಒಂದು ದಿನದ ಬಡ್ಡಿ ಎರಡು ದಿನದ ವಿಳಂಬವನ್ನಷ್ಟೇ ತುಂಬುತ್ತದೆ, ಮೇಲಿನ ಗಣಿತದ ಬಹುಪಾಲು ಕೊಚ್ಚಿಹೋಗುತ್ತದೆ. ಆಗ ಮಾಲೀಕರು ಬಾಡಿಗೆಯನ್ನು ಬಾಡಿಗೆಯೆಂದೇ ಕೇಳಬೇಕಾಗಿ ಬರುತ್ತದೆ, ನಲ್ಲಿಯನ್ನು ನಲ್ಲಿಯೆಂದೇ ರಿಪೇರಿ ಮಾಡಿಸಬೇಕಾಗಿಯೂ ಬರುತ್ತದೆ.

ಕೊನೆಯದಾಗಿ ವ್ಯಾಪ್ತಿಯ ಬಗ್ಗೆ ಒಂದು ಮಾತು. ಮನೆ ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ, ಲಾರಿಗೆ ಸಾಮಾನು ತುಂಬಿದ ಮೇಲೂ ‘ಹೊಸಬರು ಬಂದು ಅಡ್ವಾನ್ಸ್ ಕೊಡಲಿ, ನಿಮ್ಮದು ಕೊಡ್ತೀವಿ’ ಎಂದು ತಿಂಗಳುಗಟ್ಟಲೆ ಅಲೆಸುವ ವಿಷಯವನ್ನು ಇಲ್ಲಿ ಕೈಬಿಡಲಾಗಿದೆ. ಅದು ಬಾಡಿಗೆ ವಿಳಂಬದ ಕೆಳಗೆ ಬರುವುದಿಲ್ಲ, ತಡ ಮಾಡುವವರೂ ಅಲ್ಲಿ ಬೇರೆಯವರು. ಆ ಬಗ್ಗೆ ಪ್ರಶ್ನೆ ಇರುವ ಬಾಡಿಗೆದಾರರು ಹದಿನೈದನೇ ತಾರೀಕಿನ ನಂತರ ಬಂದು ವಿಚಾರಿಸಬೇಕಾಗಿ ವಿನಂತಿ.